ಉಷ್ಣ ಶುಷ್ಕ ಪ್ರದೇಶದಲ್ಲಿ ಅಜೇಲಿಯದ ಕುಬ್ಜವೃಕ್ಷ

೧. ಹೆಸರಿನ ವಿಚಾರ

ಅಜೇಲಿಯ ಎಂಬ ಹೂಗಿಡಕ್ಕೆ ಪಾಶ್ಚಾತ್ಯ ಸಸ್ಯಶಾಸ್ತ್ರವು ಕೊಟ್ಟ ಹೆಸರು ಎರಡು ಬಗೆಯಲ್ಲಿ ದಾರಿ ತಪ್ಪಿಸುವಂಥದು. 'ಅಜೇಲಿಯ' ಎಂಬುದು ಗ್ರೀಕ್ ಭಾಷೆಯ 'ಅಜಲಿಯೋಸ್' ಎಂಬ ಶಬ್ದದಿಂದ ಹುಟ್ಟಿದುದು. ಒಣಗಿದುದು, ಶುಷ್ಕವಾದುದು ಎಂಬುದು ಅದರ ಅರ್ಥ. ಸ್ವೀಡನ್ ದೇಶದ ಸಸ್ಯವಿಜ್ಞಾನಿಯಾದ ಲಿನೇಯಸನು ೧೭೫೩ರಲ್ಲಿ ಪ್ರಕಟಿಸಿದ 'ಸ್ಪೀಷೀಸ್ ಪ್ಲಾಂಟಾರಮ್' ಎಂಬ ಗ್ರಂಥದಲ್ಲಿ ಈ ಹೆಸರಿನ ಕೆಳಗೆ ಕೆಲವು ಗಿಡಗಳನ್ನು ಸೇರಿಸಿ, ಅವುಗಳಲ್ಲಿ ಒಂದನ್ನು 'ಅಜೇಲಿಯ ಇಂಡಿಕ' ಎಂದು ಕರೆದನು. ಹೆಸರನ್ನೇ ನಂಬಿದವನು ಇದು ಒಣನೆಲದ ಗಿಡವೆಂದೂ ಇಂಡಿಯಾ ದೇಶದ್ದೆಂದೂ ತಿಳಿದಾನು. ಎರಡೂ ಸರಿಯಲ್ಲ. ಈ ಗಿಡ ಜಪಾನಿನದು. ಅದು ತೇವವನ್ನು ಬಯಸುವಂಥದು. ೧೭ನೆಯ ಶತಮಾನದಲ್ಲಿ ಡಚ್ಚರ ಹಡಗುಗಳಲ್ಲಿ ಬಟೇವಿಯದ ಮಾರ್ಗವಾಗಿ ಯೂರೋಪನ್ನು ಸೇರಿದುದರಿಂದ, ಪೂರ್ವದ ದ್ವೀಪಗಳನ್ನೆಲ್ಲ ಇಂಡೀಸ್ ಎನ್ನುತ್ತಿದ್ದ ಆ ಕಾಲದ ವಾಡಿಕೆಯಂತೆ ಅದಕ್ಕೆ ಆ ವಿಶೇಷಣ ಅಂಟಿಕೊಂಡಿತು. ಅನಂತರದ ಸಸ್ಯಶಾಸ್ತ್ರಜ್ಞರು ಅಜೇಲಿಯಗಳನ್ನು ರೋಡೋಡೆಂಡ್ರಾನ್ ಕುಲದಲ್ಲಿ ಸೇರಿಸಿದರಾದರೂ 'ಇಂಡಿಕಮ್' ಎಂಬ ಮಾತು ಹಾಗೆಯೇ ಉಳಿದುಬಂದಿದೆ. ಆ ಕುಲಕ್ಕೆ ಸೇರಿದ ಮರವೊಂದು ನಮ್ಮ ನೀಲಗಿರಿಯ ನೆತ್ತಿಯ ಹುಲ್ಲುಗಾವಲುಗಳಲ್ಲಿಯೂ ಶೋಲೆಗಳ ಅಂಚಿನಲ್ಲಿಯೂ ಕೆಂಪು ಹೂಗಳನ್ನು ಬಿಡುವುದುಂಟು. ಈ ದೇಶದ ಹೆಸರಿಗೆ ನಿಜವಾದ ಹಕ್ಕುಳ್ಳುದು ಅದು. ಆದರೆ ಅದು ಸಹ ಮಂಜು, ತಂಪು, ಹುಳಿಮಣ್ಣುಗಳ ಮರವೇ ಹೊರತು ಬಯಲುಸೀಮೆಯದಲ್ಲ.

ಹೆಸರಿನ ಈ ಗೊಂದಲ ವಿದ್ವಾಂಸರ ಚರ್ಚೆಗೆ ಮಾತ್ರ ಸೇರಿದ್ದೆಂದು ಭಾವಿಸಬೇಕಾಗಿಲ್ಲ. ಅಜೇಲಿಯವನ್ನು ಆಳವಿಲ್ಲದ ಕುಂಡದಲ್ಲಿಟ್ಟು ಹತ್ತಾರು ವರ್ಷ ಕತ್ತರಿಸಿ ಬಾಗಿಸಿ ಕುಬ್ಜವೃಕ್ಷವನ್ನಾಗಿ ಬೆಳೆಸುವ ಕಲೆ ಇಂದು ಜಪಾನಿನಿಂದ ಹೊರಟು ಮರುಭೂಮಿಯ ನಗರಗಳನ್ನೂ ಮುಟ್ಟಿದೆ. ತಂದೆ ಆರಂಭಿಸಿದ ಮರವನ್ನು ಮಗ ಮುಂದುವರಿಸುವಂಥ ಕಲೆಯಿದು. ಅಂಥ ಮರ ಒಂದೇ ಬೇಸಗೆಯಲ್ಲಿ ಹಳದಿಯಾಗಿ, ಎಲೆಯುದುರಿ, ಸತ್ತರೆ ಹೋಗುವುದು ಒಂದು ಗಿಡವಷ್ಟೇ ಅಲ್ಲ, ಎರಡು ತಲೆಮಾರುಗಳ ಶ್ರಮ. ಈ ಮರಣಕ್ಕೆ ಸಾಮಾನ್ಯವಾಗಿ ಬಿಸಿಲನ್ನು ದೂರುವುದು ರೂಢಿ. ಬಿಸಿಲಿನ ಪಾತ್ರವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗಿಡದ ತವರಿನ ಚರಿತ್ರೆಯನ್ನೂ ಅದು ಹೋಗಿ ಸೇರಿದ ನಾಡಿನ ನೀರಿನ ಚರಿತ್ರೆಯನ್ನೂ ಹೋಲಿಸಿ ನೋಡಿದರೆ, ಮುಖ್ಯವಾದ ಕಾರಣ ಹೊಯ್ಯುವ ನೀರಿನ ಗುಣದಲ್ಲಿಯೇ ಅಡಗಿದೆಯೆಂದು ತೋರುತ್ತದೆ. ಈ ಲೇಖನದಲ್ಲಿ ಆ ವಿಷಯವನ್ನು ಅಮೆರಿಕದ ಅರಿಜೋನ ಸಂಸ್ಥಾನದ ಫೀನಿಕ್ಸ್ ನಗರವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಲು ಯತ್ನಿಸುತ್ತೇವೆ.

೨. ಗಿಡದ ತವರು

ಕುಬ್ಜವೃಕ್ಷವಾಗಿ ಬೆಳೆಸುವ ಅಜೇಲಿಯಗಳಲ್ಲಿ 'ಸತ್ಸುಕಿ' ಎಂಬ ವರ್ಗ ಪ್ರಧಾನವಾದುದು. ಸತ್ಸುಕಿ ಎಂದರೆ ಜಪಾನಿನ ಹಳೆಯ ಚಾಂದ್ರಮಾನ ಪಂಚಾಂಗದ ಐದನೆಯ ಮಾಸ. ಇತರ ಅಜೇಲಿಯಗಳು ಹೂಬಿಟ್ಟು ಮುಗಿದ ಮೇಲೆ, ಮೇ ತಿಂಗಳ ಕೊನೆಯಲ್ಲಿ ಹಾಗೂ ಜೂನ್ ತಿಂಗಳಲ್ಲಿ, ಇದು ಹೂಬಿಡುವುದರಿಂದ ಈ ಹೆಸರು ಬಂದಿತು. ಇದರ ಮೂಲಗಳಲ್ಲಿ ಒಂದಾದ ರೋಡೋಡೆಂಡ್ರಾನ್ ಇಂಡಿಕಮ್ ಹೊಳೆಗಳ ದಡದ ಬಂಡೆಗಳ ಸಂದಿನಲ್ಲಿ, ಪ್ರವಾಹದ ನೀರು ಮೈಮೇಲೆ ಹರಿದುಹೋಗುವಂಥ ಸ್ಥಳಗಳಲ್ಲಿ ಬೆಳೆಯುತ್ತದೆ. ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು: ಅದರ ಬೇರಿಗೆ ನೀರು ಎಡೆಬಿಡದೆ ದೊರೆಯುತ್ತದೆ; ಆದರೆ ಆ ನೀರು ಎಂದೂ ನಿಲ್ಲುವುದಿಲ್ಲ. ಮಳೆಯಿಂದ ಬಂದು ಬಂಡೆಯ ಮೇಲೆ ಹರಿಯುವ ಮೃದುವಾದ ನೀರದು.

೧೬೯೨ರಲ್ಲಿ ಎದೋ ನಗರದ, ಎಂದರೆ ಇಂದಿನ ಟೋಕಿಯೋ ನಗರದ, ಸಮೀಪದಲ್ಲಿದ್ದ ಸೊಮೇಯಿ ಗ್ರಾಮದ ಇತೋ ಇಹೇಯಿ ಎಂಬ ಸಸಿಗಾರನು ಅಜೇಲಿಯಗಳನ್ನು ಕುರಿತೇ 'ಕಿನ್‌ಶೂ ಮಕುರ' ಎಂಬ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ಇದರ ಹೆಸರಿಗೆ ಜರತಾರಿಯ ದಿಂಬು ಎಂದು ಅರ್ಥ ಹೇಳಬಹುದು. ಒಂದು ಹೂಗಿಡದ ತಳಿಗಳಿಗಾಗಿಯೇ ಗ್ರಂಥ ಹುಟ್ಟಿತೆಂದರೆ ಆ ವೇಳೆಗಾಗಲೇ ಈ ಕೃಷಿ ಎಷ್ಟು ಬೆಳೆದಿದ್ದಿತೆಂಬುದನ್ನು ಊಹಿಸಬಹುದು. ಸತ್ಸುಕಿಗಳನ್ನೂ ವಸಂತದಲ್ಲಿ ಹೂಬಿಡುವ ತ್ಸುತ್ಸುಜಿಗಳನ್ನೂ ಬೇರೆಬೇರೆಯಾಗಿ ವಿಂಗಡಿಸಿರುವುದು ಆ ಗ್ರಂಥದ ವಿಶೇಷ.

ತವರಿನ ಮತ್ತೊಂದು ಕೊಡುಗೆ ಮಣ್ಣು. ಟೋಕಿಯೋವಿನ ಉತ್ತರಕ್ಕಿರುವ ತೋಚಿಗಿ ಪ್ರಾಂತದ ಕನುಮ ಎಂಬ ಊರಿನ ಸುತ್ತ, ಮೇಲ್ಮಣ್ಣಿನ ಅಡಿಯಲ್ಲಿ, ಹಳದಿ ಬಣ್ಣದ ಹಗುರವಾದ ಹರಳುಗಳ ಪದರವೊಂದುಂಟು. ೪೦,೦೦೦ ವರ್ಷಗಳಿಗೂ ಹಿಂದೆ ಅಕಗಿ ಎಂಬ ಜ್ವಾಲಾಮುಖಿ ಉಗುಳಿದ ನೊರೆಗಲ್ಲು ಅದು. ಹುಳಿಗುಣವುಳ್ಳುದು, ಸ್ಪಂಜಿನಂತೆ ನೀರನ್ನು ಹಿಡಿದಿಟ್ಟರೂ ಹರಳುಗಳ ನಡುವೆ ಗಾಳಿಯಾಡಲು ಎಡೆಗೊಡುತ್ತದೆ. ಒಣಗಿದಾಗ ಬಿಳಿಚಿಕೊಂಡು, ನೆನೆದಾಗ ಗಾಢವಾದ ಹಳದಿಗೆ ತಿರುಗುವುದರಿಂದ, ನೀರು ಬೇಕೋ ಬೇಡವೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಸತ್ಸುಕಿಯ ಕುಬ್ಜವೃಕ್ಷಗಳನ್ನು ಈ ಕನುಮ ಮಣ್ಣಿನಲ್ಲಿಯೇ ನೆಡುವುದು ರೂಢಿ. ಆ ಪ್ರಾಂತದ ರಾಜಧಾನಿಯಾದ ಉತ್ಸುನೊಮಿಯದಲ್ಲಿ ವರ್ಷಕ್ಕೆ ಸುಮಾರು ೧,೫೦೦ ಮಿಲಿಮೀಟರ್ ಮಳೆಯಾಗುತ್ತದೆ. ಹೂಗಳು ಉದುರುವ ಜೂನ್ ತಿಂಗಳಿನಲ್ಲಿಯೇ 'ತ್ಸುಯು' ಎಂಬ ಜಡಿಮಳೆಯ ಕಾಲ ಮೊದಲಾಗಿ ಜುಲೈ ತಿಂಗಳವರೆಗೂ ನಡೆಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಯೋಜನವಿದೆ.

೩. ಫೀನಿಕ್ಸ್ ನಗರ ಮತ್ತು ಅದರ ನೀರು

ಫೀನಿಕ್ಸ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿಯಲ್ಲಿ ಸುಮಾರು ೨೦೦ ಮಿಲಿಮೀಟರನ್ನು ಮೀರುವುದಿಲ್ಲ. ಜೂನ್ ತಿಂಗಳಿನಲ್ಲಿ ಮಳೆ ಇಲ್ಲವೆಂದೇ ಹೇಳಬಹುದು. ೨೦೨೩ರ ಬೇಸಗೆಯಲ್ಲಿ ಅಲ್ಲಿಯ ಹಗಲಿನ ಉಷ್ಣತೆ ಒಂದೇ ಸಮನೆ ೩೧ ದಿನಗಳ ಕಾಲ ೪೩ ಡಿಗ್ರಿ ಸೆಲ್ಸಿಯಸನ್ನು ದಾಟಿತು. ಇಂಥ ಸ್ಥಳದಲ್ಲಿ ಜನವಸತಿ ಸಾಧ್ಯವಾದುದು ಕಾಲುವೆಗಳಿಂದ.

ಆ ಕಾಲುವೆಗಳ ಚರಿತ್ರೆ ನಗರಕ್ಕಿಂತಲೂ ಹಳೆಯದು. ಹೊಹೊಕಮ್ ಎಂದು ಪ್ರಾಕ್ತನಶಾಸ್ತ್ರಜ್ಞರು ಕರೆಯುವ ಜನ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆಗಳನ್ನು ತೋಡಿ, ಸುಮಾರು ೧೪೫೦ರವರೆಗೆ ಅಲ್ಲಿ ಬೇಸಾಯ ಮಾಡಿದರು. ಅವರ ನೆಲೆಗಳು ಪಾಳುಬಿದ್ದುದಕ್ಕೆ ವಿದ್ವಾಂಸರು ಊಹಿಸಿರುವ ಹಲವು ಕಾರಣಗಳಲ್ಲಿ ಹೊಲಗಳಲ್ಲಿ ಉಪ್ಪು ಸೇರುತ್ತ ಬಂದುದೂ ಒಂದು. ೧೮೬೭ರ ಸುಮಾರಿನಲ್ಲಿ ಬಂದ ಹೊಸ ನೆಲಸಿಗರು ಆ ಹಳೆಯ ಕಾಲುವೆಗಳ ಜಾಡನ್ನೇ ಹಿಡಿದು ನೀರು ಹರಿಸಿದರು. ಪಾಳಿನಿಂದ ಮತ್ತೆ ಹುಟ್ಟಿದ ಊರೆಂಬ ಭಾವದಿಂದ, ಬೂದಿಯಿಂದ ಮರುಹುಟ್ಟು ಪಡೆಯುವ ಹಕ್ಕಿಯ ಹೆಸರನ್ನು ಅದಕ್ಕೆ ಇಟ್ಟರು. ೧೯೧೧ರಲ್ಲಿ ಆ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಕಟ್ಟಿ ಮುಗಿಯಿತು. ೧೯೭೩ರಲ್ಲಿ ಆರಂಭವಾದ ಸುಮಾರು ೫೪೦ ಕಿಲೋಮೀಟರ್ ಉದ್ದದ ಮತ್ತೊಂದು ಕಾಲುವೆಯ ಮೂಲಕ ೧೯೮೫ರಲ್ಲಿ ಕೊಲರಾಡೊ ನದಿಯ ನೀರೂ ನಗರಕ್ಕೆ ಬಂದಿತು.

ಸಾಲ್ಟ್ ಎಂದರೆ ಉಪ್ಪು. ಮೇಲಣ ಕಣಿವೆಯಲ್ಲಿ ಉಪ್ಪಿನ ಬುಗ್ಗೆಗಳ ನೀರನ್ನು ಕೂಡಿಸಿಕೊಂಡು ಹರಿಯುವುದರಿಂದ ಆ ನದಿಗೆ ಆ ಹೆಸರು. ಕೊಲರಾಡೊ ನದಿಯಾದರೋ ಒಣನಾಡಿನ ಕಲ್ಲುಮಣ್ಣುಗಳಲ್ಲಿ ಬಹುದೂರ ಹರಿದು, ಜಲಾಶಯಗಳಲ್ಲಿ ಬಿಸಿಲಿಗೆ ಆವಿಯಾಗಿ, ಉಳಿದ ನೀರಿನಲ್ಲಿ ಸುಣ್ಣವನ್ನೂ ಲವಣಗಳನ್ನೂ ಸಾಂದ್ರಗೊಳಿಸಿಕೊಂಡು ಬರುತ್ತದೆ. ಆದುದರಿಂದ ಫೀನಿಕ್ಸಿನ ನಲ್ಲಿಯಲ್ಲಿ ಬರುವ ನೀರು ಕುಡಿಯಲು ಯೋಗ್ಯವಾದರೂ ಬಹು ಗಡಸು. ಗಡಸು ನೀರೆಂದರೇನೆಂಬುದನ್ನು ಬಯಲುಸೀಮೆಯ ಕೊಳವೆಬಾವಿಗಳ ನೀರನ್ನು ಬಳಸುವ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೇ ಅದಕ್ಕೆ ಸಾಕ್ಷಿ.

೪. ಕುಂಡದಲ್ಲಿ ಕೂಡುವ ಸುಣ್ಣ

ಹಂಡೆಯಲ್ಲಿ ಆಗುವುದೇ ಕುಂಡದಲ್ಲಿಯೂ ಆಗುತ್ತದೆ. ಲೀಟರಿಗೆ ೨೫೦ ಮಿಲಿಗ್ರಾಂ ಸುಣ್ಣದ ಗಡಸುತನವುಳ್ಳ ನೀರನ್ನು ದಿನಕ್ಕೆ ಒಂದು ಲೀಟರಿನಂತೆ ಒಂದು ಕುಬ್ಜವೃಕ್ಷಕ್ಕೆ ಹೊಯ್ದರೆ, ವರ್ಷಕ್ಕೆ ಅದರೊಡನೆ ಕುಂಡಕ್ಕೆ ಹೋಗುವ ಸುಣ್ಣ ೯೧ ಗ್ರಾಂ. ಒಂದು ಭಾಗ ಕೆಳಗಿನ ತೂತುಗಳಿಂದ ಹೊರಬೀಳುವುದು ನಿಜ. ಆದರೆ ಒಣಹವೆಯಲ್ಲಿ ನೀರಿನ ಬಹುಭಾಗ ಎಲೆಯಿಂದಲೂ ಮಣ್ಣಿನ ಮೇಲ್ಮೈಯಿಂದಲೂ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲಿಯೇ ನಿಲ್ಲುತ್ತದೆ. ಹೊಲವಾದರೆ ಕೆಡಲು ತಲೆಮಾರುಗಳು ಬೇಕು. ಅಂಗೈಯಾಳದ ಕುಂಡಕ್ಕೆ ಒಂದೆರಡು ವರ್ಷ ಸಾಕು.

ಅಜೇಲಿಯಕ್ಕೆ ಇದರಿಂದ ಆಗುವ ಹಾನಿಯನ್ನು ತಿಳಿಯಲು ಅದರ ಬೇರಿನ ಸ್ವಭಾವವನ್ನು ತಿಳಿಯಬೇಕು. ಅದರ ಬೇರುಗಳು ಕೂದಲಿನಂತೆ ಸಣ್ಣವು, ಮೇಲ್ಮಣ್ಣಿನಲ್ಲಿಯೇ ಒತ್ತಾಗಿ ಹೆಣೆದುಕೊಳ್ಳತಕ್ಕವು. ಇತರ ಗಿಡಗಳಲ್ಲಿರುವ ಬೇರುರೋಮಗಳು ಇದಕ್ಕಿಲ್ಲ. ಅದರ ಬದಲಾಗಿ ಬೇರಿನೊಳಗೆ ವಾಸಿಸುವ ಸೂಕ್ಷ್ಮವಾದ ಶಿಲೀಂಧ್ರವು ಹುಳಿಮಣ್ಣಿನಿಂದ ಆಹಾರವನ್ನು ಒದಗಿಸಿಕೊಡುತ್ತದೆ. ಮಣ್ಣಿನ ಹುಳಿಯನ್ನು ಅಳೆಯುವ ಪಿ-ಎಚ್ ಮಾನದಲ್ಲಿ ೪.೫ ರಿಂದ ೬ರ ವರೆಗೆ ಅದಕ್ಕೆ ಹಿತ. ಗಡಸು ನೀರಿನ ಬೈಕಾರ್ಬೊನೇಟು ಈ ಹುಳಿಯನ್ನು ದಿನದಿನವೂ ತಗ್ಗಿಸುತ್ತದೆ. ಹುಳಿ ತಗ್ಗಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗದ ರೂಪಕ್ಕೆ ತಿರುಗುವುದರಿಂದ ಗಿಡ ಅದನ್ನು ಹೀರಲಾರದು. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುದು ಇದರ ಮೊದಲ ಲಕ್ಷಣ. ಜಪಾನಿನಿಂದ ತರಿಸಿದ ಕನುಮ ಮಣ್ಣಿದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಅದರ ಹುಳಿಗೂ ಒಂದು ಮಿತಿಯುಂಟು. ಹಸುರು ಬತ್ತಿದ ಎಲೆ ಆಹಾರವನ್ನು ತಯಾರಿಸಲಾರದು. ಆಹಾರವಿಲ್ಲದ ಬೇರು ಜೂನ್ ತಿಂಗಳ ಬಿಸಿಲಿಗೆ ಸಾಕಾಗುವಷ್ಟು ನೀರನ್ನು ಮೇಲೆತ್ತಲಾರದು. ಬಿಸಿಲು ಕೊಂದಿತೆಂದು ನಾವು ಹೇಳುವ ಗಿಡ ಬಹುಮಟ್ಟಿಗೆ ಮೊದಲೇ ಹಸಿದು ಬಡವಾಗಿದ್ದ ಗಿಡ.

ಪರಿಹಾರಗಳಲ್ಲಿ ಮಳೆಯ ನೀರೇ ಶ್ರೇಷ್ಠ. ಆದರೆ ಬೇಕಾದಾಗ ದೊರೆಯದು. ವಿಪರ್ಯಯ ಪರಾಸರಣದ ಯಂತ್ರದಿಂದ ಶುದ್ಧಮಾಡಿದ ನೀರು ಎರಡನೆಯದು. ಅಂಥ ನೀರಿನಲ್ಲಿ ಪೋಷಕಾಂಶಗಳೇನೂ ಇರುವುದಿಲ್ಲವಾದ್ದರಿಂದ ಹುಳಿಮಣ್ಣಿನ ಗಿಡಗಳಿಗೆ ತಕ್ಕ ಗೊಬ್ಬರವನ್ನು ಬಹು ತೆಳುವಾಗಿ ಆಗಾಗ್ಗೆ ಕೊಡತಕ್ಕದ್ದು. ಮೂರನೆಯದು ನಲ್ಲಿಯ ನೀರಿಗೆ ಸಿಟ್ರಿಕ್ ಆಮ್ಲದಂಥ ಹುಳಿಯನ್ನು ಅಳತೆಯಾಗಿ ಸೇರಿಸಿ, ಪಿ-ಎಚ್ ೬ರ ಸಮೀಪಕ್ಕೆ ತರುವುದು. ಇದು ಬೈಕಾರ್ಬೊನೇಟನ್ನು ಕಳೆಯುತ್ತದೆಯೇ ಹೊರತು ಉಳಿದ ಲವಣಗಳನ್ನು ತೆಗೆಯಲಾರದು. ಆದುದರಿಂದ ವಾರಕ್ಕೊಮ್ಮೆಯಾದರೂ ಕುಂಡದ ತೂತುಗಳಿಂದ ಧಾರಾಳವಾಗಿ ಹರಿಯುವಷ್ಟು ನೀರು ಹೊಯ್ದು ಮಣ್ಣನ್ನು ತೊಳೆಯಬೇಕು. ಮನೆಗಳಲ್ಲಿ ಗಡಸು ನೀರನ್ನು ಮೃದುಮಾಡಲು ಇಡುವ, ಉಪ್ಪು ತುಂಬುವ ಯಂತ್ರದ ನೀರನ್ನು ಮಾತ್ರ ಎಂದಿಗೂ ಬಳಸಕೂಡದು. ಅದು ಸುಣ್ಣವನ್ನು ತೆಗೆದು ಅದರ ಸ್ಥಾನದಲ್ಲಿ ಸೋಡಿಯಮನ್ನು ಇಡುತ್ತದೆ. ಗಿಡಕ್ಕೆ ಅದು ಹಿಂದಿನದಕ್ಕಿಂತ ಕೇಡು. ಹಳದಿಯಾದ ಗಿಡಕ್ಕೆ ಚೀಲೇಟ್ ರೂಪದ ಕಬ್ಬಿಣವನ್ನು ಕೊಟ್ಟರೆ ತಾತ್ಕಾಲಿಕವಾಗಿ ಹಸುರು ಬರುವುದುಂಟು. ನೀರನ್ನು ತಿದ್ದದೆ ಅದನ್ನೇ ನಂಬಿದರೆ ರೋಗ ಮತ್ತೆ ತಲೆಯೆತ್ತುತ್ತದೆ.

೫. ಬಿಸಿಲು, ಗಾಳಿ ಮತ್ತು ಬೇರು

ನೀರಿನ ಗುಣ ಸರಿಯಾದ ಮೇಲೆ ಬಿಸಿಲಿನ ಮಾತು. ಬೊನ್ಸಾಯ್ ಎಂಬ ಶಬ್ದದಲ್ಲಿ 'ಬೊನ್' ಎಂದರೆ ಹರಿವಾಣದಂಥ ಪಾತ್ರೆ, 'ಸಾಯ್' ಎಂದರೆ ನೆಡುವುದು. ಹರಿವಾಣದ ಅಗಲವೂ ಆಳದ ಅಭಾವವೂ ನೋಟಕ್ಕೆ ಚೆಲುವೆನಿಸಿದರೂ ಮರುಭೂಮಿಯಲ್ಲಿ ಅಪಾಯಕರ. ನೆಲದಲ್ಲಿರುವ ಗಿಡದ ಬೇರು ತಂಪಾದ ಆಳಕ್ಕೆ ಇಳಿಯಬಲ್ಲದು. ಕುಂಡದ ಬೇರಿಗೆ ಅಂಥ ಆಶ್ರಯವಿಲ್ಲ. ನೇರ ಬಿಸಿಲಿಗೆ ಬಿದ್ದ ಕುಂಡದ ಗೋಡೆ ಹವೆಗಿಂತಲೂ ಹೆಚ್ಚು ಕಾದು, ಅದಕ್ಕೆ ತಾಗಿದ ಬೇರುಗಳು ಬೆಂದುಹೋಗುತ್ತವೆ.

ಆದುದರಿಂದ ಗಿಡಕ್ಕೆ ಮುಂಜಾನೆಯ ಎರಡು ಮೂರು ಗಂಟೆಗಳ ಬಿಸಿಲು ಮಾತ್ರ ಸಾಕು. ಮನೆಯ ಪೂರ್ವದ ಗೋಡೆಯ ಮಗ್ಗುಲು ಅದಕ್ಕೆ ತಕ್ಕ ಸ್ಥಳ. ಮೇ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ ಮೇಲೆ ಅರ್ಧದಷ್ಟು ಬೆಳಕನ್ನು ತಡೆಯುವ ನೆರಳುಬಟ್ಟೆಯನ್ನು ಕಟ್ಟಬೇಕು. ಬೀಸುವ ಒಣಗಾಳಿಗೆ ತಡೆಯಿರಬೇಕು; ಬಿಸಿಲಿನಷ್ಟೇ ನೀರನ್ನು ಗಾಳಿಯೂ ಕಸಿಯುತ್ತದೆ. ಪ್ರದರ್ಶನದ ಕುಂಡಕ್ಕಿಂತ ಆಳವಾದ ಮರದ ಪೆಟ್ಟಿಗೆಯಲ್ಲಿ ಬೇಸಗೆಯನ್ನು ಕಳೆಯಿಸುವುದು, ಅಥವಾ ಕುಂಡವನ್ನು ದೊಡ್ಡ ಕುಂಡದೊಳಗಿಟ್ಟು ನಡುವೆ ಒದ್ದೆಮರಳನ್ನು ತುಂಬುವುದು ಉತ್ತಮ. ಮಣ್ಣಿನ ಮೇಲೆ ಸ್ಫ್ಯಾಗ್ನಮ್ ಪಾಚಿಯನ್ನು ಹೊದಿಸಿದರೆ ಮೇಲ್ಪದರದ ಸೂಕ್ಷ್ಮಬೇರುಗಳು ಉಳಿಯುತ್ತವೆ.

ನೀರನ್ನು ಹೊತ್ತು ಮೂಡುವ ಮೊದಲು ಒಮ್ಮೆ, ಕಡುಬೇಸಗೆಯಲ್ಲಿ ಸಂಜೆ ಮತ್ತೊಮ್ಮೆ ಕೊಡತಕ್ಕದ್ದು. ಒಮ್ಮೆ ಪೂರ್ತಿ ಒಣಗಿದ ಬೇರಿನ ಮುದ್ದೆ ನೀರನ್ನು ಹೀರದೆ ಬದಿಗಳಿಂದ ಹರಿಯಗೊಡುತ್ತದೆ. ಮೇಲೆ ಒದ್ದೆಯಾಗಿ ಕಂಡರೂ ಒಳಗೆ ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಗುಳ್ಳೆಗಳು ನಿಲ್ಲುವವರೆಗೆ ಮುಳುಗಿಸಿಡಬೇಕು. ಇದಕ್ಕೆ ಹೆದರಿ ಸದಾ ಕೆಸರು ಮಾಡುವುದೂ ತಪ್ಪು. ಬೆಚ್ಚಗಿನ, ಗಾಳಿಯಾಡದ ತೇವದಲ್ಲಿ ಬೇರು ಕೊಳೆಯುತ್ತದೆ. ಕೊಳೆತ ಬೇರಿನ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುವುದರಿಂದ, ಬಾಡಿದುದನ್ನು ಕಂಡೊಡನೆ ನೀರು ಹೊಯ್ಯದೆ ಮಣ್ಣನ್ನು ಮುಟ್ಟಿ ನೋಡುವುದು ವಿವೇಕ.

೬. ಪಂಚಾಂಗದ ತಿದ್ದುಪಡಿ

ಕುಬ್ಜವೃಕ್ಷದ ಕೈಪಿಡಿಗಳನ್ನು ಅಕ್ಷರಶಃ ಅನುಸರಿಸುವವರು ಎಡವುವ ಸ್ಥಳವಿದು. ಸತ್ಸುಕಿ ಹೂಬಿಟ್ಟು ಮುಗಿದೊಡನೆ ಕೊಂಬೆಗಳನ್ನು ಕತ್ತರಿಸಿ, ಬೇರನ್ನು ಸವರಿ, ಹೊಸ ಮಣ್ಣಿನಲ್ಲಿ ನೆಡಬೇಕೆಂಬುದು ಜಪಾನಿನ ಪ್ರಸಿದ್ಧವಾದ ಕ್ರಮಗಳಲ್ಲಿ ಒಂದು. ಹಾಗೆ ನೆಟ್ಟ ಗಿಡವನ್ನು ಅಲ್ಲಿ ಕಾಪಾಡುವುದು ತೋಟಗಾರನ ಕೈಯಲ್ಲ, ತ್ಸುಯು ಮಳೆ. ಆರು ವಾರ ಮೋಡ ಕವಿದು, ಹವೆ ತೇವದಿಂದ ತುಂಬಿ, ಗಾಯಗೊಂಡ ಬೇರಿಗೆ ಬಿಡುವು ಸಿಗುತ್ತದೆ. ಅನುಭವದಿಂದ ಹುಟ್ಟಿದ ನಿಯಮ ಮಳೆಯ ಹೆಸರನ್ನು ಹೇಳಲಿಲ್ಲ. ಅಲ್ಲಿಯವರಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಅದೇ ನಿಯಮವನ್ನು ಫೀನಿಕ್ಸಿಗೆ ಒಯ್ದರೆ, ಬೇರು ಕತ್ತರಿಸಿದ ಗಿಡವನ್ನು ವರ್ಷದ ಅತ್ಯಂತ ಶುಷ್ಕವಾದ ವಾರಗಳ ಬಾಯಿಗೆ ಒಪ್ಪಿಸಿದಂತಾಗುತ್ತದೆ.

ಆದುದರಿಂದ ಅಲ್ಲಿ ಕುಂಡ ಬದಲಾಯಿಸುವುದನ್ನು ಚಳಿ ಹಿಂದೆಗೆದು ಚಿಗುರು ಮೊಳೆಯುವುದಕ್ಕೆ ಮೊದಲೇ, ಫೆಬ್ರವರಿಯ ಹೊತ್ತಿಗೆ, ಮುಗಿಸಬೇಕು. ಆ ವರ್ಷದ ಮೊಗ್ಗುಗಳನ್ನು ಬಹುಮಟ್ಟಿಗೆ ಚಿವುಟಿ ಹಾಕಬೇಕಾಗುವುದು. ಬೇರು ಗಾಯದಲ್ಲಿರುವಾಗ ಹೂವು ಗಿಡಕ್ಕೆ ಹೊರೆ. ಬಿಸಿಲು ಬೇಗ ಏರುವುದರಿಂದ ಹೂವೂ ಜಪಾನಿಗಿಂತ ಮೊದಲೇ ಬಂದು ಹೋಗುತ್ತದೆ. ಕೊಂಬೆಯ ಕತ್ತರಿಯನ್ನು ಹೂ ಬಾಡಿದೊಡನೆ ನಡೆಸತಕ್ಕದ್ದು, ಮುಂದೂಡಕೂಡದು. ಮುಂದಿನ ವರ್ಷದ ಮೊಗ್ಗುಗಳು ಬೇಸಗೆಯಲ್ಲಿಯೇ ಹೊಸ ಕುಡಿಗಳ ತುದಿಯಲ್ಲಿ ರೂಪುಗೊಳ್ಳುತ್ತವೆ. ಕಡುಬೇಸಗೆಯಲ್ಲಿ ಗೊಬ್ಬರವನ್ನು ನಿಲ್ಲಿಸಿ, ಹವೆ ತಂಪಾದ ಮೇಲೆ ಶರತ್ಕಾಲದಲ್ಲಿ ಮತ್ತೆ ಕೊಡಬಹುದು.

ಕತ್ತರಿಸುವ ಕ್ರಮದಲ್ಲಿ ಒಂದು ವಿಶೇಷವುಂಟು. ಬಹುತೇಕ ಮರಗಳ ಬಲವೆಲ್ಲ ತುದಿಗೆ ಏರುತ್ತದೆ. ಅಜೇಲಿಯ ಪೊದೆಯಾದುದರಿಂದ ಅದರ ಬಲ ಬುಡದಲ್ಲಿ. ಕೆಳಗಿನ ಕೊಂಬೆಗಳನ್ನು ಬಿಗಿಯಾಗಿಯೂ ನೆತ್ತಿಯನ್ನು ಹಗುರವಾಗಿಯೂ ಕತ್ತರಿಸದಿದ್ದರೆ ನೆತ್ತಿ ಕೃಶವಾಗಿ ಒಣಗುತ್ತದೆ. ಒಣನಾಡಿನಲ್ಲಿ ಮೊದಲು ಸಾಯುವುದೂ ಆ ನೆತ್ತಿಯೇ. ಕೊಂಬೆಗಳು ಪೆಡಸಾದುದರಿಂದ ತಂತಿ ಸುತ್ತಿ ಬಾಗಿಸುವಾಗ ಎಚ್ಚರ ಬೇಕು.

೭. ಬೆಳೆಸಬೇಕೆ ಎಂಬ ಪ್ರಶ್ನೆ

ಇಷ್ಟನ್ನು ಹೇಳಿದ ಮೇಲೆ, ಇಂಥ ಗಿಡವನ್ನು ಇಂಥ ನಾಡಿನಲ್ಲಿ ಬೆಳೆಸುವುದು ಉಚಿತವೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಕೊಲರಾಡೊ ನದಿಯ ನೀರಿಗೆ ಅಭಾವವಿದೆಯೆಂದು ಅಲ್ಲಿಯ ಕೇಂದ್ರ ಸರ್ಕಾರ ೨೦೨೧ರಲ್ಲಿ ಮೊಟ್ಟಮೊದಲ ಬಾರಿಗೆ ಅಧಿಕೃತವಾಗಿ ಘೋಷಿಸಿತು. ಅರಿಜೋನದ ಪಾಲಿನಲ್ಲಿ ಕಡಿತವಾಯಿತು. ಮನೆಯ ಶುದ್ಧೀಕರಣ ಯಂತ್ರವಾದರೋ ಒಂದು ಲೀಟರ್ ಶುದ್ಧ ನೀರಿಗಾಗಿ ಅದಕ್ಕಿಂತ ಹೆಚ್ಚಿನ ನೀರನ್ನು ಹೊರಚೆಲ್ಲುವುದುಂಟು. ಆ ನೀರನ್ನು ಉಪ್ಪು ತಾಳುವ ಬೇರೆ ಮರಗಳಿಗೆ ತಿರುಗಿಸುವುದು ಬೆಳೆಸುವವನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಸಂಗತಿಯೂ ಇಲ್ಲಿ ಸ್ಮರಣೀಯ. ೧೯೪೨ರಲ್ಲಿ ಅಮೆರಿಕದ ಸರ್ಕಾರ ಪಶ್ಚಿಮ ತೀರದಲ್ಲಿದ್ದ ಜಪಾನಿ ಮೂಲದ ಸುಮಾರು ೧,೨೦,೦೦೦ ಜನರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಿಗೆ ಅಟ್ಟಿತು. ಅವುಗಳಲ್ಲಿ ಎರಡು, ಗೀಲ ರಿವರ್ ಮತ್ತು ಪೋಸ್ಟನ್, ಅರಿಜೋನದ ಮರುಭೂಮಿಯಲ್ಲಿದ್ದುವು. ಆ ಧೂಳಿನಲ್ಲಿಯೂ ಸೆರೆಯ ಜನ ಕೊಳಗಳನ್ನು ತೋಡಿ, ಕಲ್ಲುಗಳನ್ನು ಜೋಡಿಸಿ, ತೋಟಗಳನ್ನು ಮಾಡಿದರು. ಮರುಭೂಮಿಯ ಕಬ್ಬಿಣಮರವನ್ನು ಉಜ್ಜಿ ಕಲಾಕೃತಿಗಳನ್ನು ರಚಿಸಿದರು. ತವರಿನ ಕಲೆ ಅವರೊಡನೆ ಬಂದಿತು. ಅದರ ಸಾಮಗ್ರಿಯನ್ನು ಅವರು ನಿಂತ ನೆಲದಿಂದಲೇ ಆರಿಸಿಕೊಂಡರು. ಕುಬ್ಜವೃಕ್ಷದ ಕಲೆಗೆ ಅಜೇಲಿಯವೇ ಆಗಬೇಕೆಂಬ ನಿರ್ಬಂಧವಿಲ್ಲ. ಮೊದಲ ಬಾರಿ ಕೈಹಾಕುವವರು ಒಣನಾಡಿನಲ್ಲಿ ಬೂಗನ್‌ವಿಲ್ಲ, ಆಲಿವ್, ದಾಳಿಂಬೆಗಳಂಥ ಸಹನಶೀಲವಾದ ಗಿಡಗಳಿಂದ ಆರಂಭಿಸುವುದು ಲೇಸು.

ಆದರೂ ಹಿರಿಯರಿಂದ ಬಂದ ಸತ್ಸುಕಿಯೊಂದು ಕೈಯಲ್ಲಿದ್ದವರು, ಅಥವಾ ಆ ಹೂವಿನ ಮೇಲೆ ಮನಸ್ಸಿಟ್ಟವರು, ನಿರಾಶರಾಗಬೇಕಾಗಿಲ್ಲ. ಮೃದುವಾದ ನೀರು, ಹುಳಿಮಣ್ಣು, ತಂಪಾದ ಬೇರು, ಸ್ಥಳಕ್ಕೆ ಹೊಂದಿಸಿದ ಪಂಚಾಂಗ, ಈ ನಾಲ್ಕನ್ನು ತಪ್ಪದೆ ಒದಗಿಸಿದರೆ ಗಿಡ ಬದುಕುತ್ತದೆ. ಇವುಗಳಲ್ಲಿಯೂ ಮೊದಲನೆಯದು ಕೆಟ್ಟರೆ ಉಳಿದ ಮೂರು ನಿಷ್ಫಲವೆಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದು. ಒಂದು ಗಿಡವನ್ನು ನಾಡಿನಿಂದ ನಾಡಿಗೆ ಒಯ್ಯುವವನು ಅದರ ಹೆಸರನ್ನೂ ಕೈಪಿಡಿಯನ್ನೂ ಒಯ್ದರೆ ಸಾಲದು. ಆ ಕೈಪಿಡಿ ಹೇಳದೆ ಬಿಟ್ಟ ಮಳೆಯನ್ನೂ ತನ್ನ ಕೈಯಿಂದಲೇ ಒದಗಿಸಲು ಸಿದ್ಧನಾಗಿರಬೇಕು.